ಜಾವಾದಲ್ಲಿ ವೆಬ್ ಸರ್ವಿಸ್: ಅದೇ ರಿಕ್ವೆಸ್ಟ್ ಎರಡನೇ ಸಲ ಬಂದರೆ?

ಜಾವಾದಲ್ಲಿ ವೆಬ್ ಸರ್ವಿಸ್ ಕಟ್ಟಲು ಬಳಸುವ ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕಿನ ಪ್ರಾಜೆಕ್ಟ್ ಒಂದನ್ನು ಇಳಿಸಿಕೊಂಡು, ಕ್ಲಾಸಿನ ಮೇಲೆ ರೆಸ್ಟ್‌ಕಂಟ್ರೋಲರ್ ಅನೊಟೇಶನ್ ಹಾಕಿ ಓಡಿಸಿದರೆ 8080 ಪೋರ್ಟ್‌ನಲ್ಲಿ ಜೇಸನ್ (ಡೇಟಾ ಕಳಿಸುವ ಪಠ್ಯ ರೂಪ) ಬರುತ್ತದೆ. ಅಷ್ಟನ್ನು ಕಲಿಯಲು ಹೆಚ್ಚು ಹೊತ್ತು ಬೇಡ. ತಲೆ ಕೆಡಿಸಿಕೊಳ್ಳಬೇಕಾದ್ದು ನೆಟ್‌ವರ್ಕ್ ನಡುವೆ ಕೈಕೊಟ್ಟಾಗಿನ ಸ್ಥಿತಿಗೆ. ಆರ್ಡರ್ ಡೇಟಾಬೇಸಿಗೆ ಸೇರಿದೆ, ಉತ್ತರ ಮಾತ್ರ ಕ್ಲೈಂಟ್‌ಗೆ ತಲುಪಿಲ್ಲ, ಅದು ಮತ್ತೆ ಕಳಿಸುತ್ತದೆ. ಈಗ ಆರ್ಡರ್ ಒಂದೋ ಎರಡೋ?

ಅಲ್ಲಿಗೆ ಹೋಗುವ ಮೊದಲು ಹಳೆಯ ಪಾಠಗಳ ಬಗ್ಗೆ ಒಂದು ಮಾತು. 2022ರ ನವೆಂಬರ್‌ನಲ್ಲಿ ಬಂದ ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕು. ಸರ್ವ್‌ಲೆಟ್, ಪರ್ಸಿಸ್ಟೆನ್ಸ್, ವ್ಯಾಲಿಡೇಶನ್ ಪ್ಯಾಕೇಜುಗಳು ‘ಜಾವಾಎಕ್ಸ್’ ಬಿಟ್ಟು ‘ಜಕಾರ್ತಾ’ ಹೆಸರಿಗೆ ಬಂದಿವೆ. ಹಾಗೆಂದು ಕಣ್ಣು ಮುಚ್ಚಿ ಎಲ್ಲವನ್ನೂ ಬದಲಿಸಬೇಡಿ: ‘ಜಾವಾಎಕ್ಸ್ ಡಾಟ್ ಎಸ್‌ಕ್ಯೂಎಲ್’ ಜಾವಾ ಜೊತೆಗೇ ಬರುವ ಜೆಡಿಕೆಗೆ ಸೇರಿದ್ದು, ಅದು ಹಾಗೇ ಇದೆ. ಎಕ್ಸ್‌ಎಂಎಲ್ ಆಧಾರಿತ ಸೋಪ್ ವೆಬ್ ಸರ್ವಿಸ್ ಬಳಸುವವರಿಗೆ ಬೇಕಾದ ಜಾಕ್ಸ್-ಡಬ್ಲ್ಯೂಎಸ್ ಲೈಬ್ರರಿಯನ್ನು ಜಾವಾ 11ರಲ್ಲೇ ಜೆಡಿಕೆಯಿಂದ ತೆಗೆದಿದ್ದಾರೆ, ಡಿಪೆಂಡೆನ್ಸಿಯಾಗಿ ಸೇರಿಸಿಕೊಳ್ಳಬೇಕು.

ಈಗ ಆರ್ಡರ್ ವಿಷಯ. ಎಚ್‌ಟಿಟಿಪಿಯಲ್ಲಿ ಪುಟ್, ಡಿಲೀಟ್ ಎಷ್ಟು ಸಲ ಬಂದರೂ ಪರಿಣಾಮ ಒಂದೇ ಇರಬೇಕು. ಪೋಸ್ಟ್‌ಗೆ ಆ ಭರವಸೆ ಇಲ್ಲ, ನಾವೇ ಕಟ್ಟಿಕೊಳ್ಳಬೇಕು. ರೂಢಿಯಲ್ಲಿರುವ ದಾರಿ ಇದು: ಕ್ಲೈಂಟ್ ಒಂದು ಯುಯುಐಡಿ (ಮತ್ತೆ ಬರದಂಥ ಗುರುತು) ತಯಾರಿಸಿ ‘ಐಡೆಂಪೊಟೆನ್ಸಿ-ಕೀ’ ಹೆಡರ್‌ನಲ್ಲಿ ಕಳಿಸುತ್ತದೆ, ಮರುಪ್ರಯತ್ನದಲ್ಲೂ ಅದೇ ಕೀ. ಸರ್ವರ್ ಆ ಕೀಯನ್ನು ಯೂನಿಕ್ ಕನ್‌ಸ್ಟ್ರೇಂಟ್ (ಒಂದೇ ಕೀ ಎರಡು ಸಲ ಸೇರದಂತೆ ತಡೆಯುವ ನಿಯಮ) ಇರುವ ಟೇಬಲ್‌ಗೆ, ಆರ್ಡರ್ ಸೇರಿಸುವ ಟ್ರಾನ್ಸಾಕ್ಷನ್ನಿನಲ್ಲೇ ಬರೆಯುತ್ತದೆ; ಟ್ರಾನ್ಸಾಕ್ಷನ್ ಎಂದರೆ ಎಲ್ಲವೂ ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ರದ್ದಾಗುವ ಕೆಲಸಗಳ ಗುಂಪು.

‘ಮೊದಲು ಸೆಲೆಕ್ಟ್ ಮಾಡಿ ನೋಡೋಣ, ಇಲ್ಲದಿದ್ದರೆ ಇನ್ಸರ್ಟ್’ ಎಂದು ಬರೆದರೆ ಕೆಡುತ್ತದೆ. ಒಂದೇ ಕ್ಷಣದಲ್ಲಿ ಬಂದ ಎರಡು ರಿಕ್ವೆಸ್ಟ್‌ಗಳಿಗೂ ಟೇಬಲ್ ಖಾಲಿಯೇ ಕಾಣುತ್ತದೆ. ಇದಕ್ಕಿಂತ ಮೋಸದ್ದು, ಜಾವಾ ಆಬ್ಜೆಕ್ಟ್‌ಗಳನ್ನು ಡೇಟಾಬೇಸಿಗೆ ಬರೆಯಲು ಬಳಸುವ ಸ್ಪ್ರಿಂಗ್ ಡೇಟಾ ಜೆಪಿಎಯ ಸೇವ್ ಮೆಥಡ್. ಕೀಯನ್ನೇ ಪ್ರೈಮರಿ ಕೀ ಮಾಡಿ ನೀವೇ ಮೌಲ್ಯ ತುಂಬಿ, ವರ್ಷನ್ ಫೀಲ್ಡೂ ಇಲ್ಲದಿದ್ದರೆ, ಸೇವ್ ಅದನ್ನು ಹಳೆಯ ಎಂಟಿಟಿ (ಟೇಬಲ್‌ನ ಒಂದು ಸಾಲಿಗೆ ಹೊಂದುವ ಜಾವಾ ಆಬ್ಜೆಕ್ಟ್) ಎಂದು ತಿಳಿದು ಮರ್ಜ್ ಮಾಡುತ್ತದೆ. ಎರರ್ ಬರುವುದಿಲ್ಲ, ಸಾಲು ಸದ್ದಿಲ್ಲದೆ ಅಪ್‌ಡೇಟ್ ಆಗುತ್ತದೆ. ಇಲ್ಲಿ ಎಂಟಿಟಿ ಮ್ಯಾನೇಜರ್‌ನ ಪರ್ಸಿಸ್ಟ್ ಮಾಡಿ ಕೂಡಲೇ ಫ್ಲಶ್ ಮಾಡಿ (ಇನ್ಸರ್ಟ್ ಆಗಲೇ ಡೇಟಾಬೇಸಿಗೆ ಹೋಗಲಿ), ಅಥವಾ ನೇರ ಇನ್ಸರ್ಟ್ ಕ್ವೆರಿ ಬರೆಯಿರಿ. ಡುಪ್ಲಿಕೇಟ್ ಎಂಬ ಎಕ್ಸೆಪ್ಶನ್ನನ್ನು ಟ್ರಾನ್ಸಾಕ್ಷನ್ನಿನ ಹೊರಗೆ ಹಿಡಿಯಿರಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಒಮ್ಮೆ ಎರರ್ ಬಂದ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗುವವರೆಗೆ ಮುಂದಿನ ಯಾವ ಕ್ವೆರಿಯನ್ನೂ ಓಡಿಸುವುದಿಲ್ಲ. ಹಿಡಿದ ಮೇಲೆ ಹಳೆಯ ಆರ್ಡರನ್ನೇ ಓದಿ ವಾಪಸ್ ಕೊಡಿ. ಅದೇ ಕೀ, ಬೇರೆ ಬಾಡಿ ಬಂದರೆ 422 ಎಂಬ ಎಚ್‌ಟಿಟಿಪಿ ಎರರ್ ಕೋಡ್ ಕೊಡಿ.

ಆರ್ಡರ್ ಜೊತೆ ಪೇಮೆಂಟ್ ಸರ್ವಿಸನ್ನೂ ಕರೆಯಬೇಕು ಎಂದುಕೊಳ್ಳಿ. ಅದನ್ನು ಟ್ರಾನ್ಸಾಕ್ಷನ್ ಒಳಗೇ ಕರೆಯುವುದು ಎಲ್ಲೆಡೆ ಕಾಣುವ ತಪ್ಪು. ರಿಕ್ವೆಸ್ಟ್ ಸ್ವೀಕರಿಸುವ ಟಾಮ್‌ಕ್ಯಾಟ್ ಸರ್ವರ್‌ನ ಡೀಫಾಲ್ಟ್ ಥ್ರೆಡ್ ಮಿತಿ 200, ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚುವ ಹಿಕಾರಿ ಪೂಲ್‌ನ ಕನೆಕ್ಷನ್ ಮಿತಿ 10. ಪೇಮೆಂಟ್ ಉತ್ತರಕ್ಕೆ 2 ಸೆಕೆಂಡ್ ಹಿಡಿದರೆ, 10 ಕನೆಕ್ಷನ್‌ಗಳಿಂದ ಸೆಕೆಂಡಿಗೆ ಆಗುವುದು ಹೆಚ್ಚೆಂದರೆ 5 ಆರ್ಡರ್. ಉಳಿದ ಥ್ರೆಡ್‌ಗಳು ಕನೆಕ್ಷನ್‌ಗಾಗಿ 30 ಸೆಕೆಂಡ್ ಕಾದು ಎಕ್ಸೆಪ್ಶನ್ ಎಸೆಯುತ್ತವೆ. ಡೇಟಾಬೇಸ್ ನೋಡಿದರೆ ಆರಾಮಾಗಿ ಕೂತಿರುತ್ತದೆ! ಪೂಲ್ ಅನ್ನು 100ಕ್ಕೆ ಏರಿಸುವುದು ಪರಿಹಾರವಲ್ಲ. ಜಾವಾ 21ರ ವರ್ಚುವಲ್ ಥ್ರೆಡ್‌ಗಳೂ ಇಲ್ಲಿ ಕಾಯುವುದನ್ನು ಅಗ್ಗ ಮಾಡುತ್ತವೆ ಅಷ್ಟೇ, ಕನೆಕ್ಷನ್ 10ರಲ್ಲೇ ನಿಲ್ಲುತ್ತದೆ.

ಕೆಲಸವನ್ನು ಮೂರು ತುಂಡು ಮಾಡಿ. ಮೊದಲ ಟ್ರಾನ್ಸಾಕ್ಷನ್‌ನಲ್ಲಿ ಕೀ ಮತ್ತು ‘ಪೆಂಡಿಂಗ್’ ಸ್ಥಿತಿಯ ಆರ್ಡರ್ ಬರೆದು ಕಮಿಟ್. ಆಮೇಲೆ ಯಾವ ಟ್ರಾನ್ಸಾಕ್ಷನ್ನೂ ಇಲ್ಲದೆ ಪೇಮೆಂಟ್ ಕರೆ. ಕೊನೆಗೆ ಇನ್ನೊಂದು ಟ್ರಾನ್ಸಾಕ್ಷನ್‌ನಲ್ಲಿ ಸ್ಥಿತಿ ಬದಲಾವಣೆ. ಈ ಮೆಥಡ್‌ಗಳನ್ನು ಒಂದೇ ಕ್ಲಾಸಿನಲ್ಲಿಟ್ಟು ಒಂದರಿಂದ ಇನ್ನೊಂದನ್ನು ಕರೆದರೆ ಟ್ರಾನ್ಸಾಕ್ಷನಲ್ ಅನೊಟೇಶನ್ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಕರೆ ಟ್ರಾನ್ಸಾಕ್ಷನ್ ಶುರು ಮಾಡುವ ಸ್ಪ್ರಿಂಗ್‌ನ ಪ್ರಾಕ್ಸಿಯನ್ನು (ಕ್ಲಾಸಿನ ಹೊರಗಿನ ಹೊದಿಕೆ) ದಾಟುವುದೇ ಇಲ್ಲ. ಬೇರೆ ಕ್ಲಾಸಿಗೆ ಹಾಕಿ, ಅಥವಾ ಟ್ರಾನ್ಸಾಕ್ಷನ್‌ಟೆಂಪ್ಲೇಟ್ ಬಳಸಿ. ನನಗಂತೂ ಎರಡನೆಯದೇ ಸ್ಪಷ್ಟ. ಇಷ್ಟಾದರೂ ಕನೆಕ್ಷನ್ ಬಿಡುಗಡೆಯಾಗದಿದ್ದರೆ ‘ಓಪನ್-ಇನ್-ವ್ಯೂ’ ಸೆಟ್ಟಿಂಗ್ ನೋಡಿ. ಸ್ಪ್ರಿಂಗ್ ಬೂಟ್ ಅದನ್ನು ಆನ್ ಇಟ್ಟೇ ಕೊಡುತ್ತದೆ, ಹಾಗಾಗಿ ಕನೆಕ್ಷನ್ ರಿಕ್ವೆಸ್ಟ್ ಮುಗಿಯುವವರೆಗೂ ಅಂಟಿಕೊಂಡಿರುತ್ತದೆ. ಆಫ್ ಮಾಡಿ. ಆಗ ಲೇಜಿ ಇನಿಶಿಯಲೈಜೇಶನ್ ಎಕ್ಸೆಪ್ಶನ್‌ಗಳು (ಇನ್ನೂ ಓದದ ಡೇಟಾವನ್ನು ಸೆಷನ್ ಮುಚ್ಚಿದ ಮೇಲೆ ಕೇಳಿದಾಗ ಬರುವ ಎರರ್) ತಲೆ ಎತ್ತಬಹುದು. ಅವು ಹೊಸ ತೊಂದರೆಯಲ್ಲ, ಎಂಟಿಟಿಯನ್ನೇ ಜೇಸನ್ ಮಾಡಿ ಕಳಿಸುತ್ತಿದ್ದದ್ದು ಈಗ ಕಂಡಿತು. ಬೇಕಾದ ಫೀಲ್ಡ್‌ಗಳನ್ನಷ್ಟೇ ಒಂದು ರೆಕಾರ್ಡ್‌ಗೆ (ಡೇಟಾ ಹಿಡಿಯುವ ಸರಳ ಜಾವಾ ಕ್ಲಾಸ್) ತುಂಬಿ ಅದನ್ನು ಕಳಿಸಿ.

ಆ ರೆಕಾರ್ಡ್‌ನಲ್ಲಿ ಹಣಕ್ಕೆ ಡಬಲ್ ಬೇಡ, ಬಿಗ್‌ಡೆಸಿಮಲ್ ಇರಲಿ. ಲಾಂಗ್ ಐಡಿ 9007199254740991 ದಾಟುವಂತಿದ್ದರೆ ಸ್ಟ್ರಿಂಗ್ ಆಗಿ ಕಳಿಸಿ, ಇಲ್ಲದಿದ್ದರೆ ಜಾವಾಸ್ಕ್ರಿಪ್ಟ್ ಕೊನೆಯ ಅಂಕಿಗಳನ್ನು ಕೆಡಿಸುತ್ತದೆ.

ಪೇಮೆಂಟ್ ಕರೆಗೆ ಬಳಸಬಹುದಾದ, ಜಾವಾ 11ರಿಂದ ಇರುವ ಎಚ್‌ಟಿಟಿಪಿಕ್ಲೈಂಟ್‌ಗೆ ಡೀಫಾಲ್ಟ್ ಟೈಮ್‌ಔಟ್ ಇಲ್ಲ. ಕನೆಕ್ಟ್ ಟೈಮ್‌ಔಟ್ ಕ್ಲೈಂಟ್ ಮೇಲೆ, ಉತ್ತರದ ಟೈಮ್‌ಔಟ್ ಪ್ರತಿ ರಿಕ್ವೆಸ್ಟ್ ಮೇಲೆ, ಎರಡನ್ನೂ ನೀವೇ ಇಡಬೇಕು. ನಿಮ್ಮನ್ನು ಕರೆಯುವವರು 5 ಸೆಕೆಂಡ್ ಕಾಯುವುದಾದರೆ ನೀವು ಮುಂದಿನವರಿಗೆ ಕಾಯುವುದು ಅದಕ್ಕಿಂತ ಕಡಿಮೆ ಇರಲಿ. ಪೇಮೆಂಟ್ ಟೈಮ್‌ಔಟ್ ಆಯಿತೆಂದರೆ ಹಣ ಕಟ್ ಆಗಿಲ್ಲ ಎಂದರ್ಥವಲ್ಲ. ಆರ್ಡರ್ ಪೆಂಡಿಂಗ್‌ನಲ್ಲೇ ಇರಲಿ. ಒಂದು ಶೆಡ್ಯೂಲ್ಡ್ ಜಾಬ್ ಆಮೇಲೆ ಪೇಮೆಂಟ್ ಸ್ಥಿತಿ ವಿಚಾರಿಸಿ ತೀರ್ಮಾನಿಸಲಿ.

ಟೆಸ್ಟ್‌ಗೆ ಎಚ್2 ಎಂಬ ಹಗುರ ಡೇಟಾಬೇಸ್ ಬೇಡ. ಎರರ್ ಬಂದ ಮೇಲೆ ಕ್ವೆರಿ ಓಡಿಸದಿರುವ ಪೋಸ್ಟ್‌ಗ್ರೆಸ್‌ನ ಆ ಟ್ರಾನ್ಸಾಕ್ಷನ್ ನಡವಳಿಕೆ ಅದರಲ್ಲಿ ಇಲ್ಲದ ಕಾರಣ ತಪ್ಪು ಕೋಡ್ ಕೂಡ ಹಸಿರು ತೋರಿಸುತ್ತದೆ. ಟೆಸ್ಟ್‌ಕಂಟೇನರ್ಸ್ ಎಂಬ ಲೈಬ್ರರಿಯಿಂದ ನಿಜವಾದ ಪೋಸ್ಟ್‌ಗ್ರೆಸ್ ಎಬ್ಬಿಸಿ, 20 ಥ್ರೆಡ್‌ಗಳನ್ನು ಕೌಂಟ್‌ಡೌನ್‌ಲ್ಯಾಚ್‌ನಲ್ಲಿ ತಡೆದು ನಿಲ್ಲಿಸಿ, ಒಮ್ಮೆಲೇ ಬಿಟ್ಟು ಒಂದೇ ಕೀಯಿಂದ ಪೋಸ್ಟ್ ಮಾಡಿಸಿ. ಆರ್ಡರ್ ಟೇಬಲ್‌ನಲ್ಲಿ ಒಂದೇ ಸಾಲು ಇರಬೇಕು, 20 ಉತ್ತರಗಳಲ್ಲೂ ಅದೇ ಆರ್ಡರ್ ಐಡಿ ಇರಬೇಕು.