ಎಸಿ ಹಾಕಿದರೆ ಸುಮ್ಮನಾಗುವ ಕಾರು

ಕಾರಿನ ರೇಸ್ ತಾನಾಗೇ ಏರಿಳಿಯುತ್ತಿದೆ, ಇಲ್ಲವೇ ಕಾಲು ತೆಗೆದರೂ ಇಳಿಯುತ್ತಿಲ್ಲ ಅಂತ ಗ್ಯಾರೇಜಿಗೆ ಹೋದರೆ ಮೊದಲು ಬರುವ ಪ್ರಶ್ನೆ, "ಪ್ಲಗ್ ಯಾವಾಗ ಚೇಂಜ್ ಮಾಡಿಸಿದ್ರಿ?" ಎರಡನೆಯದು, "ಪೆಟ್ರೋಲ್ ಎಲ್ಲಿ ಹಾಕಿಸ್ತೀರಾ?" ಗಾಳಿಯ ಸುದ್ದಿ ಎತ್ತುವವರು ಕಮ್ಮಿ. ಪೆಟ್ರೋಲ್ ಎಂಜಿನ್ನಿನಲ್ಲಿ ನಾವು ಆಕ್ಸಿಲರೇಟರ್ ತುಳಿದಾಗ ತೆರೆಯುವುದು ಗಾಳಿಯ ಬಾಗಿಲು, ಅಂದರೆ ಥ್ರಾಟಲ್. ಎಷ್ಟು ಗಾಳಿ ಒಳಗೆ ಬಂತು ಅಂತ ನೋಡಿಕೊಂಡು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ, ಅಷ್ಟೇ. ಕಾಲು ತೆಗೆದ ಮೇಲೂ ಎಂಜಿನ್ ಕೂಗುತ್ತಿದೆ ಅಂದರೆ ಎಲ್ಲಿಂದಲೋ ಗಾಳಿ ಹೋಗುತ್ತಿದೆ. ಹುಡುಕಬೇಕಾದ್ದು ಆ ದಾರಿಯನ್ನು.

ನನ್ನದು 2011ರ ಸಣ್ಣ ಪೆಟ್ರೋಲ್ ಕಾರು. ಥ್ರಾಟಲ್‌ಗೆ ಇನ್ನೂ ಕೇಬಲ್ ಇರುವ ಪೀಳಿಗೆಯದು. ಕಂಪನಿ ಹೆಸರು ಇಲ್ಲಿ ಬೇಡ, ಅವರ ತಪ್ಪೇನೂ ಇಲ್ಲ. ಎಂಜಿನ್ ಬಿಸಿಯಲ್ಲಿ ಇಷ್ಟು ವರ್ಷ ಬೆಂದ ರಬ್ಬರ್ ಮತ್ತೇನು ಮಾಡೀತು? ಹಾಸನದಲ್ಲಿ ಕಾಲೇಜಿಗೆ ಹೋಗಿ ಬರೋದು, ರಜೆಯಲ್ಲಿ ಶಿರಾಡಿ ಇಳಿದು ಪುತ್ತೂರಿನ ತಂಗಿ ಮನೆಗೆ ಹೋಗೋದು, ಇದಿಷ್ಟೇ ಅದರ ಕೆಲಸ.

ಶುರುವಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ಗೊತ್ತಾಗುತ್ತಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಮುಳ್ಳು 1,100ರಿಂದ 1,700ಕ್ಕೆ ಏರುವುದು, ಧೊಪ್ಪನೆ ಇಳಿಯುವುದು, ಮತ್ತೆ ಏರುವುದು. ಪಕ್ಕದ ಬೈಕಿನವನು ನಾನೇ ರೇಸ್ ಕೊಟ್ಟು ಅವಸರ ಮಾಡುತ್ತಿದ್ದೇನೆ ಅಂದುಕೊಂಡು ತಿರುಗಿ ನೋಡುತ್ತಿದ್ದ. ವಿಚಿತ್ರ ಅಂದರೆ ಎಸಿ ಹಾಕಿದ ಕೂಡಲೇ ಕುಣಿತ ನಿಂತು ಹೋಗುತ್ತಿತ್ತು. ಸಾಮಾನ್ಯವಾಗಿ ಸೊರಗಿದ ಎಂಜಿನ್ ಎಸಿ ಹಾಕಿದರೆ ಇನ್ನಷ್ಟು ನಡುಗಬೇಕು, ಆಫ್ ಆಗಬೇಕು. ಇದು ಸುಮ್ಮನಾಗುತ್ತಿತ್ತು.

ಮೊದಲ ಗ್ಯಾರೇಜಿನವರು ಪ್ಲಗ್ ಬದಲಿಸಿ, ಥ್ರಾಟಲ್ ಬಾಡಿ ಕ್ಲೀನ್ ಮಾಡಿ ಕೊಟ್ಟರು. ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕೂತಿದ್ದದ್ದು ನಿಜ, ತೆಗೆದದ್ದು ಒಳ್ಳೆಯದೇ ಆಯಿತು. ಕಾರು ಕೈಗೆ ಬಂದಾಗ ಏರಿಳಿತವೂ ಪೂರ್ತಿ ಮಾಯ! ಆದರೆ ಅವತ್ತಿನಿಂದ ಹೊಸ ಕಾಟ. ಗೇರ್ ಬದಲಿಸಲು ಕ್ಲಚ್ ಒತ್ತಿ ಕಾಲು ತೆಗೆದರೆ ರೇಸ್ ಇಳಿಯುತ್ತಲೇ ಇರಲಿಲ್ಲ. ಮುಳ್ಳು 2,000ದ ಹತ್ತಿರ ನೇತಾಡಿಕೊಂಡು, ಮನಸ್ಸು ಬಂದಾಗ ನಿಧಾನವಾಗಿ ಕೆಳಗೆ ಬರುತ್ತಿತ್ತು. ಊರೊಳಗೆ ಇದು ಕಿರಿಕಿರಿ ಅಷ್ಟೇ. ಸಕಲೇಶಪುರ ದಾಟಿ ದೋಣಿಗಾಲಿನಿಂದ ಇಳಿಯಲು ಶುರು ಮಾಡಿದಾಗ ಅದರ ನಿಜರೂಪ ಗೊತ್ತಾಯಿತು. ಎರಡನೇ ಗೇರಿನಲ್ಲಿ ಕಾಲು ತೆಗೆದರೆ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸಬೇಕು. ಇದು ಹಿಂದಿನಿಂದ ತಳ್ಳುತ್ತಿತ್ತು. ಮುಂದೆ ಲೋಡ್ ಲಾರಿ, ಪಕ್ಕದಲ್ಲಿ ಕಂದಕ. ಗುಂಡ್ಯ ಮುಟ್ಟುವವರೆಗೂ ಬ್ರೇಕಿನ ಮೇಲೇ ಕಾಲು, ಬ್ರೇಕ್ ಕಾದ ವಾಸನೆ ಬೇರೆ.

ಎರಡನೇ ಕಡೆ ಸ್ಕ್ಯಾನರ್ ಹಾಕಿದರು. ಪಿ0505 ಅಂತ ಕೋಡ್ ಬಂತು. "ಐಡ್ಲಿಂಗ್ ವಾಲ್ವ್ ಹೋಗಿದೆ ಮೇಡಂ, ಹೊಸದು ಹಾಕಬೇಕು" ಅಂದರು. ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಆ ಕೋಡ್ ಹೇಳುವುದು ಐಡ್ಲಿಂಗ್, ಅಂದರೆ ಕಾಲು ತೆಗೆದಾಗ ಎಂಜಿನ್ ತಿರುಗುವ ವೇಗ, ಅದನ್ನು ನಿಯಂತ್ರಿಸುವ ವ್ಯವಸ್ಥೆ ಹತೋಟಿಗೆ ಸಿಗುತ್ತಿಲ್ಲ ಅಂತ. ವಾಲ್ವ್ ಸತ್ತಿದೆ ಅಂತ ಅದು ಎಲ್ಲೂ ಹೇಳಿಲ್ಲ. ಕಾಲು ತೆಗೆದಾಗ ಎಂಜಿನ್ನಿಗೆ ಬೇಕಾದಷ್ಟು ಗಾಳಿ ಬಿಡುವ ಆ ಪಾಪದ ವಾಲ್ವ್ ತನ್ನ ಬಾಯಿ ಪೂರ್ತಿ ಮುಚ್ಚಿಕೊಂಡು ಕೂತಿದ್ದರೂ ಬೇರೆ ಕಡೆಯಿಂದ ಗಾಳಿ ನುಗ್ಗುತ್ತಿದ್ದರೆ ಅದಾದರೂ ಏನು ಮಾಡೀತು? ನಾನು ಯೋಚಿಸಿ ಹೇಳುತ್ತೇನೆ ಅಂತ ಕೀ ಇಸಿದುಕೊಂಡು ಬಂದೆ.

ಕೊನೆಗೆ ಹೋದದ್ದು ಸಹೋದ್ಯೋಗಿಯೊಬ್ಬರು ಹೇಳಿದ, ತಗಡಿನ ಶೆಡ್ಡಿನ ಹಳೇ ಮೇಸ್ತ್ರಿಯ ಹತ್ತಿರ. ಅವರು ಬಾನೆಟ್ ಎತ್ತುವ ಮೊದಲೇ ಕೇಳಿದ್ದು, "ಎಸಿ ಹಾಕಿದ್ರೆ ಏನಾಗ್ತಿತ್ತು ಮೇಡಂ?" ಸುಮ್ಮನಾಗ್ತಿತ್ತು ಅಂದೆ. "ಹಂಗಾದ್ರೆ ಏರ್ ಎಳೀತಿದೆ ಬಿಡಿ."

ಅವರ ಪರೀಕ್ಷೆಗೆ ಬೇಕಾದದ್ದು ಒಂದು ಇಕ್ಕಳ, ಅದರ ಮೂತಿಗೆ ಸುತ್ತಿದ ಬನಿಯನ್ ವೇಸ್ಟ್. ಎಂಜಿನ್ ಬಿಸಿ ಮಾಡಿ, ಮ್ಯಾನಿಫೋಲ್ಡಿಗೆ (ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ಹೋಗುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಅಮುಕಿ ಹಿಡಿದರು. ಬ್ರೇಕ್ ಬೂಸ್ಟರಿನ ದಪ್ಪ ಪೈಪ್: ಸದ್ದಿನಲ್ಲಿ ವ್ಯತ್ಯಾಸವಿಲ್ಲ. ಪೆಟ್ರೋಲ್ ಟ್ಯಾಂಕಿನ ಆವಿ ಬರುವ ಸಣ್ಣ ಪೈಪ್: ಇಲ್ಲ. ಎಂಜಿನ್ನಿನ ಮೇಲ್ಮುಚ್ಚಳದಿಂದ (ವಾಲ್ವ್ ಕವರ್) ಒಳಗಿನ ಆಯಿಲ್ ಆವಿಯನ್ನು ತರುವ ಪಿಸಿವಿ ಪೈಪನ್ನು ಹಿಡಿದದ್ದೇ ತಡ, ಕೂಗು ಗಕ್ಕನೆ ಇಳಿಯಿತು. ಬಿಟ್ಟರು, ಏರಿತು. ಹಿಡಿದರು, ಇಳಿಯಿತು. ಚೆನ್ನಾಗಿರುವ ಪಿಸಿವಿ ಪೈಪ್ ಹಿಡಿದರೂ ಸ್ವಲ್ಪ ಇಳಿಯುತ್ತದೆ, ಆದರೆ ಇಷ್ಟೊಂದು ಇಳಿಯಬಾರದು. ಇದರಲ್ಲಿ ಒಂದು ಸೂಕ್ಷ್ಮ ಇದೆ: ಅಮುಕುವುದು ಆದಷ್ಟು ಮ್ಯಾನಿಫೋಲ್ಡಿನ ಹತ್ತಿರ ಇರಬೇಕು. ಸೀಳು ಇಕ್ಕಳಕ್ಕೂ ಮ್ಯಾನಿಫೋಲ್ಡಿಗೂ ನಡುವೆ ಉಳಿದುಬಿಟ್ಟರೆ ಪರೀಕ್ಷೆ ಮಾಡಿಯೂ ಪ್ರಯೋಜನವಿಲ್ಲ.

ಪೈಪ್ ಬಿಚ್ಚಿದರು. ಮೇಲಿಂದ ನೋಡಿದರೆ ಹೊಸದರ ಹಾಗೇ ಇತ್ತು. ತಿರುಗಿಸಿ ಬೆರಳಲ್ಲಿ ಬಗ್ಗಿಸಿದಾಗ ಮೊಣಕೈ ತಿರುವಿನ ಅಡಿಯಲ್ಲಿ ಉದ್ದಕ್ಕೆ ಬಾಯಿ ಬಿಟ್ಟಿತು. ಒಳಗಿನ ರಬ್ಬರ್ ಆಯಿಲ್ ಕುಡಿದು ಮೆತ್ತಗಾಗಿ ಬೆರಳಿಗೆ ಕಪ್ಪಗೆ ಅಂಟುತ್ತಿತ್ತು.

ಆಮೇಲೆ ಟಾರ್ಚ್ ಹಿಡಿದು ಥ್ರಾಟಲ್ ಬಾಡಿಯ ಪಕ್ಕ ಬಗ್ಗಿದ ಮೇಸ್ತ್ರಿ, "ಈ ಸ್ಕ್ರೂ ಯಾರ್ ತಿರುಗಿಸಿದ್ದು?" ಅಂದರು. ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚದಂತೆ ತಡೆಯುವ ಸ್ಟಾಪ್ ಸ್ಕ್ರೂ ಅದು. ಕಂಪನಿಯಲ್ಲಿ ಹಚ್ಚಿದ ಬಣ್ಣದ ಸೀಲ್ ಒಡೆದು, ಸ್ಕ್ರೂ ತಲೆಯ ಗೀರಿನಲ್ಲಿ ಲೋಹ ಹೊಸದಾಗಿ ಹೊಳೆಯುತ್ತಿತ್ತು.

ಆಗ ಇಡೀ ಕಥೆ ಒಂದಕ್ಕೊಂದು ಕೂಡಿತು. ನಾನು ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವಳು, ಇದನ್ನು ಬಿಡಿಸಿ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಥ್ರಾಟಲ್ ಮುಚ್ಚಿದೆ, ಆದರೂ ಎಂಜಿನ್ ಒಂದು ಗಡಿಗಿಂತ ಜೋರಾಗಿ ತಿರುಗುತ್ತಿದೆ ಅಂದರೆ ಇಸಿಯು ಗಾಡಿ ಇಳಿಜಾರಿನಲ್ಲಿ ಉರುಳುತ್ತಿದೆ ಎಂದುಕೊಂಡು ಪೆಟ್ರೋಲನ್ನೇ ನಿಲ್ಲಿಸುತ್ತದೆ. ಇಂಧನ ಉಳಿಸಲು ಮಾಡಿರುವ ಏರ್ಪಾಡು ಅದು. ನನ್ನ ಕಾರಿನಲ್ಲಿ ಸೀಳಿನಿಂದ ಬಂದ ಗಾಳಿ ಐಡ್ಲಿಂಗನ್ನು ಆ ಗಡಿಯಾಚೆ ದಾಟಿಸುತ್ತಿತ್ತು. ಪೆಟ್ರೋಲ್ ನಿಂತು ವೇಗ ಕುಸಿಯುವುದು, ಕುಸಿದಾಗ ಮತ್ತೆ ಪೆಟ್ರೋಲ್ ಬರುವುದು, ಮತ್ತೆ ಗಡಿ ದಾಟುವುದು. ಇದೇ ಆ ಕುಣಿತ. ಎಸಿ ಕಂಪ್ರೆಸರಿನ ಭಾರ ಬಿದ್ದಾಗ ವೇಗ ಗಡಿಯ ಕೆಳಗೇ ಉಳಿಯುತ್ತಿತ್ತು, ಹಾಗಾಗಿ ಸುಮ್ಮನಾಗುತ್ತಿತ್ತು. ತಣ್ಣಗಿನ ಎಂಜಿನ್ನಿಗೆ ಆ ಗಡಿಯೇ ಎತ್ತರದಲ್ಲಿರುತ್ತದೆ, ಹಾಗಾಗಿ ಬೆಳಿಗ್ಗೆ ಗೊತ್ತಾಗುತ್ತಿರಲಿಲ್ಲ.

ಮೊದಲ ಗ್ಯಾರೇಜಿನವರು ಸ್ಕ್ರೂ ತಿರುಗಿಸಿದಾಗ ತಟ್ಟೆ ಕೊಂಚ ತೆರೆದೇ ಉಳಿಯಿತು. ಮುಚ್ಚಿದಾಗ 0.5 ವೋಲ್ಟ್ ಆಸುಪಾಸು ತೋರಿಸಬೇಕಾದ ಥ್ರಾಟಲ್ ಸೆನ್ಸರ್ ಅದಕ್ಕಿಂತ ಹೆಚ್ಚು ತೋರಿಸತೊಡಗಿತು. ಡ್ರೈವರ್ ಇನ್ನೂ ಕಾಲಿಟ್ಟಿದ್ದಾಳೆ ಅಂದುಕೊಂಡ ಇಸಿಯು ಪೆಟ್ರೋಲ್ ನಿಲ್ಲಿಸುವುದನ್ನೇ ಬಿಟ್ಟಿತು. ಕುಣಿತ ಹೋಯಿತು, ನೇತಾಟ ಬಂತು. ಕಾಯಿಲೆ ಹಾಗೇ ಇದ್ದು ಲಕ್ಷಣ ಮಾತ್ರ ಬದಲಾಗಿತ್ತು. ಅಂಬಾಸಿಡರ್, ಪದ್ಮಿನಿ, ಕಾರ್ಬುರೇಟರ್ ಮಾರುತಿಗಳ ಕಾಲದಲ್ಲಿ "ಸ್ಲೋ ಸ್ಪೀಡ್" ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಕೆಲಸ ಆಗುತ್ತಿತ್ತು. ಕೈಗೆ ಆ ಅಭ್ಯಾಸ ಇನ್ನೂ ಇದೆ, ಗಾಡಿ ಬದಲಾಗಿದೆ.

ಪೈಪ್ ಬದಲಿಸಿ, ಸ್ಕ್ರೂ ಹಿಂದಕ್ಕೆ ತಂದು, ಬ್ಯಾಟರಿಯ ನೆಗೆಟಿವ್ ಸ್ವಲ್ಪ ಹೊತ್ತು ಬಿಚ್ಚಿಟ್ಟು ಹಾಕಿದರು. ಹಳೇ ಲೆಕ್ಕ ಮರೆತು ಹೊಸದಾಗಿ ಕಲಿಯಲಿ ಅಂತ. ಮುಳ್ಳು 800ರ ಹತ್ತಿರ ಬಂದು ಕೂತಿತು.

ಇದೇ ತೊಂದರೆ ಇರುವವರು ಎರಡು ವಿಷಯ ಗಮನಿಸಿ. ಹಳೆಯ ಕೆಲವು ಎಂಜಿನ್ನುಗಳಲ್ಲಿ ತಣ್ಣಗಿರುವಾಗ ಹೆಚ್ಚುವರಿ ಗಾಳಿ ಬಿಡುವ ವಾಲ್ವ್ ಕೂಲೆಂಟ್ ಬಿಸಿಯಿಂದ ಮುಚ್ಚಿಕೊಳ್ಳುತ್ತದೆ. ಕೂಲೆಂಟ್ ಕಮ್ಮಿಯಾದರೆ ಅದು ಮುಚ್ಚದೆ ಇದೇ ಕುಣಿತ ಬರುತ್ತದೆ. ಕೂಲೆಂಟ್ ಡಬ್ಬಿ ನೋಡುವುದಕ್ಕೆ ಕಾಸು ಖರ್ಚಿಲ್ಲ, ಆದರೆ ಬಿಸಿ ಎಂಜಿನ್ನಿನಲ್ಲಿ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಇನ್ನು ಕೇಬಲ್ ಇಲ್ಲದ ಹೊಸ ಕಾರುಗಳಲ್ಲಿ ಗೇರ್ ಬದಲಿಸುವಾಗ ರೇಸ್ ಕೊಂಚ ತಡೆದು ಇಳಿಯುವುದು ಬಹಳ ಸಲ ಹೊಗೆ ನಿಯಮಕ್ಕಾಗಿ ಕಂಪನಿಯವರೇ ಮಾಡಿಟ್ಟ ಏರ್ಪಾಡು. ತಂಗಿ ಗಂಡನ ಹೊಸ ಗಾಡಿ ಹಾಗೇ ಮಾಡುತ್ತದೆ, ಷೋರೂಮಿಗೆ ಅಲೆಯುವುದು ಬೇಡ ಅಂತ ಹೇಳಿದ್ದೇನೆ. ಅವರು ಕೇಳುವ ಜನ ಅಲ್ಲ.

ಪೈಪ್ ತರುವಾಗ ಮಾತ್ರ ಹುಷಾರು. ಇಲ್ಲಿನ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿಕೊಟ್ಟ, ನೀರಿಗೆ ಬಳಸುವ ನೇರ ಪೈಪನ್ನು ಮೇಸ್ತ್ರಿ ವಾಪಸ್ ಕಳಿಸಿದರು. ನೀರಿನ ಪೈಪ್ ಆಯಿಲ್ ಆವಿಗೆ ಬೇಗ ಕೊಳೆಯುತ್ತದೆ, ತಿರುವಿನಲ್ಲಿ ಮಡಚಿಕೊಂಡು ದಾರಿಯನ್ನೂ ಮುಚ್ಚುತ್ತದೆ. ಆಯಿಲ್ ತಡೆಯುವ, ಅಚ್ಚಿನಲ್ಲೇ ಬಾಗಿಸಿದ ಪೈಪೇ ಬೇಕು. ನಮ್ಮಲ್ಲಿ ಸಿಗದೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ. ಹಳೇ ಪೈಪಿನ ಫೋಟೋ ಕಳಿಸುವಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು, ಎರಡೂ ತುದಿಯ ಒಳಗಿನ ಅಗಲ ಬೇರೆ ಬೇರೆಯಾಗಿ ಬರೆದು ಕಳಿಸಿ. ನನ್ನದರಲ್ಲಿ ಪಿಸಿವಿ ವಾಲ್ವಿನ ಕಡೆ ಒಂದು ಅಳತೆ, ಮ್ಯಾನಿಫೋಲ್ಡಿನ ಕಡೆ ಇನ್ನೊಂದು ಇತ್ತು.