ಬಾಗಲಕೋಟೆ ಹೋಳಿಗೆ ಕ್ಯಾಮೆರಾ ಹಿಡಿದು ಹೋಗುವವರಿಗೆ

ಬಾಗಲಕೋಟೆ ಹೋಳಿಯ ಫೋಟೋ ತೆಗೆಯಬೇಕು ಅನ್ನುವವರೆಲ್ಲ ಬಣ್ಣದಾಟದ ದಿನ ನೋಡಿಕೊಂಡು ಟಿಕೆಟ್ ಮಾಡಿಸುತ್ತಾರೆ. ನನ್ನ ಮಾತು ಕೇಳಿ, ಎರಡು ದಿನ ಮೊದಲೇ ಹೋಗಿ. ಬಣ್ಣ ಬಿದ್ದ ಮೇಲೆ ಎಲ್ಲರ ಮುಖವೂ ಒಂದೇ. ಕೆಂಪು ಮುಖ, ಬಿಳಿ ಹಲ್ಲು, ಅಷ್ಟೇ. ಅಂಥ ಫೋಟೋ ಯಾವ ಊರಲ್ಲಾದರೂ ಸಿಗುತ್ತದೆ. ಈ ಊರಲ್ಲೇ ಸಿಗಬೇಕಾದ್ದು ಬಣ್ಣಕ್ಕೂ ಮುಂಚೆ ಇರುತ್ತದೆ. ಅದು ಹಲಗಿ, ಅಂದರೆ ಚರ್ಮ ಬಿಗಿದ ತಮಟೆಯಂಥ ವಾದ್ಯ.

ಮೈಸೂರು, ಬೆಂಗಳೂರು ಕಡೆಯವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಹುಬ್ಬಳ್ಳಿ, ಗದಗ ದಾಟಿ ಬರುತ್ತದೆ. ವಿಜಯಪುರದಿಂದಾದರೆ ಬಸ್ಸೇ ಸಾಕು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಒಂದಷ್ಟು ಭಾಗ ಮುಳುಗಡೆಯಾಯಿತು, ಅಲ್ಲಿದ್ದ ಜನಕ್ಕಾಗಿ ನವನಗರ ಎದ್ದಿತು. ಉಳಿದುಕೊಳ್ಳೋಕೆ ನವನಗರ ಸರಿ. ಸೆಕ್ಟರ್ ಸೆಕ್ಟರ್ ಆಗಿ ಅಗಲ ರಸ್ತೆ, ಸಂಜೆ ನೆಮ್ಮದಿ. ಆದರೆ ಫೋಟೋ ಅಂದರೆ ಹಳೇ ಊರೇ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ. ಈ ಓಣಿಗಳಲ್ಲಿ ರಸ್ತೆ ಕಿರಿದು, ಜನ ಜಾಸ್ತಿ. ದೊಡ್ಡ ಝೂಮ್ ಲೆನ್ಸ್ ಹೊತ್ತು ಹೋದರೆ ಹಿಂದೆ ಸರಿಯೋಕೆ ಜಾಗವೇ ಇರುವುದಿಲ್ಲ. 28 ಅಥವಾ 35 ಎಂಎಂ ಲೆನ್ಸ್ ಒಂದು ಹಾಕಿಕೊಂಡು ಹೋಗಿ, ಹೋಳಿ ಮುಗಿಯುವವರೆಗೆ ಅದನ್ನು ಬಿಚ್ಚಬೇಡಿ.

ಸಂಜೆಯಾದ ಮೇಲೆ ಓಣಿ ಮೂಲೆಗಳಲ್ಲಿ ಹುಡುಗರು ಹಲಗಿ ಕಾಯಿಸುತ್ತಿರುತ್ತಾರೆ. ಇದನ್ನು ಮಾತ್ರ ಬಿಡಬೇಡಿ. ಹುಲ್ಲೋ, ರಟ್ಟೋ, ಹಳೇ ಪೇಪರೋ ಸಿಕ್ಕಿದ್ದನ್ನು ರಸ್ತೆ ಮೇಲೇ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ಹಲಗಿಯನ್ನು ಉರಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. ಸಡಿಲಾಗಿದ್ದ ಚರ್ಮ ಕಾವಿಗೆ ಬಿಗಿಯುತ್ತದೆ. ನಡುನಡುವೆ ಬೆರಳಲ್ಲಿ ಒಮ್ಮೆ ಬಡಿದು, ಕಿವಿ ಕೊಟ್ಟು ಕೇಳಿ, ಸಾಲದು ಅಂತ ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಬೆಳಕು ಕೆಳಗಿನಿಂದ ಬರುತ್ತದೆ, ಹೊಗೆ ಇರುತ್ತದೆ, ಎಲ್ಲರ ಕಣ್ಣೂ ಹಲಗಿ ಮೇಲೆ. ನಿಮ್ಮ ಕಡೆ ಯಾರೂ ನೋಡುವುದಿಲ್ಲ. ಐಎಸ್‌ಒ 3200ಕ್ಕೆ ಏರಿಸಿ, ಕುಕ್ಕರಗಾಲಲ್ಲಿ ಕೂತುಬಿಡಿ. ಫ್ಲಾಶ್ ಹಾಕಿದಿರೋ, ಆ ಬೆಂಕಿ ಬೆಳಕು ಸತ್ತೇ ಹೋಗುತ್ತದೆ.

ಆಮೇಲೆ ಬಡಿತ ಶುರುವಾಗುತ್ತದೆ. ಓಣಿ ಓಣಿಗೂ ತನ್ನದೇ ಮೇಳ, ತನ್ನದೇ ಜಿದ್ದು. ಎದುರೆದುರು ಬಂದಾಗ ಯಾರೂ ಸೋಲೋಕೆ ತಯಾರಿಲ್ಲ. ಬಾರಿಸುವವರ ಮುಖಕ್ಕಿಂತ ಕೈ ನೋಡಿ. ಶಟರ್ ವೇಗ 1/30ಕ್ಕೆ ಇಳಿಸಿದರೆ ಮುಖ ನಿಂತು ಕೈ ಓಡಿದಂತೆ ಬರುತ್ತದೆ. ಹತ್ತಕ್ಕೆ ಒಂಬತ್ತು ಕೆಡುತ್ತವೆ, ಕೆಡಲಿ ಬಿಡಿ.

ನಾಯಿಗಳ ವಿಷಯಕ್ಕೆ ಬರುತ್ತೇನೆ. ಹಲಗಿ ಸದ್ದಿಗೆ ಅವು ಟ್ರ್ಯಾಕ್ಟರ್ ಕೆಳಗೆ, ಕಟ್ಟೆ ಸಂದಿಯಲ್ಲಿ, ಮುಚ್ಚಿದ ಅಂಗಡಿಯ ಮೆಟ್ಟಿಲಲ್ಲಿ ಸೇರಿಕೊಂಡಿರುತ್ತವೆ. ಹಿಂದೆ ಬಿದ್ದು ತೆಗೆಯಬೇಡಿ. ಹೆದರಿದ ನಾಯಿ ಕಚ್ಚಬಹುದು, ಅದಕ್ಕೂ ಮಿಗಿಲಾಗಿ ಅದರ ಹಬ್ಬ ಮೊದಲೇ ಹಾಳಾಗಿರುತ್ತದೆ. ದೂರದಲ್ಲಿ ಸುಮ್ನೆ ಕೂತರೆ ಸಾಕು. ಗದ್ದಲ ಮುಂದೆ ಹೋದ ಮೇಲೆ ಅವೇ ಹೊರಗೆ ಬಂದು ರಸ್ತೆ ಮಧ್ಯ ನಿಂತು ಮೂಸುತ್ತವೆ. ಆಗ ಕ್ಯಾಮೆರಾ ನೆಲಕ್ಕೆ ತಾಗಿಸಿ ಇಡಿ. ನಾಯಿಯ ಎತ್ತರದಿಂದ ನೋಡಿದರೆ ಮುಂದೆ ಹೋಗುತ್ತಿರುವ ಮೆರವಣಿಗೆ ಬರೀ ಕಾಲುಗಳ ಕಾಡು. ನಾಯಿಗೆ ಬಣ್ಣ ಹಚ್ಚುವ ಹುಡುಗರೂ ಇರುತ್ತಾರೆ. ಅದರ ಫೋಟೋ ನಾನು ತೆಗೆಯುವುದಿಲ್ಲ. ಕ್ಯಾಮೆರಾ ಕಂಡರೆ ಅವರಿಗೆ ಇನ್ನಷ್ಟು ಹುರುಪು ಬರುತ್ತದೆ, ಅಲ್ವಾ?

ಕಾಮದಹನದ ಹೊತ್ತಿಗೆ ಬೆಂಕಿಯನ್ನಲ್ಲ, ಬಾಯಿ ಬಡಿದುಕೊಳ್ಳುವ ಪುಟಾಣಿಗಳನ್ನು ನೋಡಿ. ಬೆಂಕಿಗೆ ಬೆನ್ನು ಹಾಕಿ ನಿಂತರೆ ಅಷ್ಟೂ ಮುಖ ಬೆಳಕಲ್ಲಿ ಸಿಗುತ್ತವೆ. ರಾತ್ರಿ ಸೋಗಿನ ಬಂಡಿ ಇದ್ದರೆ ಅದನ್ನೂ ನೋಡಿ. ವೇಷ ಹಾಕಿದವರು ತಾವಾಗಿಯೇ ನಿಂತು ಕೊಡುತ್ತಾರೆ, ಹಾಗಾಗಿ ನನಗೆ ಅದು ಅಷ್ಟು ರುಚಿಸಲಿಲ್ಲ. ಬಂಡಿ ಹಿಂದೆ ಮೀಸೆ ಅಂಟಿಸಿಕೊಳ್ಳುವವರು ಮಾತ್ರ ಚೆನ್ನ.

ಬಣ್ಣದಾಟ ಇಲ್ಲಿ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಮೂರು ದಿನ ನಡೆಯುತ್ತದೆ. ಯಾವ ದಿನ ಯಾವ ಓಣಿ ಅಂತ ಹಿಂದಿನ ದಿನವೇ ಚಹಾದಂಗಡಿಯಲ್ಲಿ ಕೇಳಿಕೊಳ್ಳಿ. ಬ್ಯಾರಲ್ ತುಂಬ ಬಣ್ಣದ ನೀರು ಹೇರಿಕೊಂಡ ಬಂಡಿ, ಟ್ರ್ಯಾಕ್ಟರ್‌ಗಳು ಬರುತ್ತವೆ. ಒಂದು ಬಂಡಿಯವರು ಇನ್ನೊಂದರ ಮೇಲೆ ಕೊಡಗಟ್ಟಲೆ ಎರಚುತ್ತಾರೆ. ನಡುವೆ ಸಿಕ್ಕವರ ಕಥೆ ಮುಗಿಯಿತು. ನಾನು ನಿಂತಿದ್ದ ಕಟ್ಟೆಯ ಅಜ್ಜ ಒಬ್ಬರು, "ತಮ್ಮಾ, ಅದನ್ನ ಒಳಗ ಇಡು, ಬಂಡಿ ಬರಾಕತ್ತೈತಿ" ಅಂತ ತಮ್ಮ ಮನೆ ಮಾಳಿಗೆಗೇ ಕಳಿಸಿದರು. ಬಣ್ಣದ ದಿನಕ್ಕೆ ಮಾಳಿಗೆಯೇ ಸರಿಯಾದ ಜಾಗ. ಕೇಳಿ ಹತ್ತಿ, ಯಾರೂ ಇಲ್ಲ ಅನ್ನಲ್ಲ. ನೀರಿನ ಹನಿ ಗಾಳಿಯಲ್ಲಿ ನಿಲ್ಲಬೇಕಾದರೆ ಶಟರ್ ವೇಗ 1/1000 ಬೇಕು. ಮಾರ್ಚ್ ಬಿಸಿಲಿಗೆ ಅದು ಕಷ್ಟವಲ್ಲ.

ಕೆಳಗೆ ಇಳಿಯುವುದೇ ಆದರೆ ಕ್ಯಾಮೆರಾಕ್ಕೆ ಮಳೆ ಕವರ್ ಹಾಕಿ, ಲೆನ್ಸ್ ಮುಂದೆ ಒಂದು ಸಾದಾ ಯುವಿ ಫಿಲ್ಟರ್ ಇರಲಿ. ನೀರಿಗಿಂತ ಒಣ ಪುಡಿ ಕೆಟ್ಟದ್ದು, ಸಂದಿ ಸಂದಿಗೆ ಹೊಕ್ಕು ಕೂರುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ. ಮೊದಲು ಬ್ರಷ್ ಮತ್ತು ಗಾಳಿ ಬ್ಲೋವರ್, ಆಮೇಲೆ ಬಟ್ಟೆ. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಹೊರಡಿ.

ನೆನೆದ ಹೆಣ್ಣುಮಕ್ಕಳ ಫೋಟೋವನ್ನು ಕೇಳದೆ ತೆಗೆಯಲೇಬೇಡಿ. ಮಕ್ಕಳದಾದರೆ ಮನೆಯವರಿಗೆ ಒಂದು ಮಾತು ಹೇಳಿ. "ಅಣ್ಣಾರ, ನಮಗ ಕಳಸ್ರಿ" ಅಂದರೆ ನಂಬರ್ ಬರೆದುಕೊಂಡು ಅವತ್ತೇ ವಾಟ್ಸಾಪ್ ಮಾಡಿಬಿಡಿ. ಆಮೇಲೆ ಅನ್ನುವುದು ಆಗುವ ಮಾತಲ್ಲ.

ಬಣ್ಣದ ದಿನ ಬೆಳಿಗ್ಗೆ ಅಂಗಡಿ ತೆರೆದಿರುವುದಿಲ್ಲ, ನೀರು ಮತ್ತು ಒಂದಿಷ್ಟು ತಿಂಡಿ ಜೊತೆಗಿರಲಿ. ಸಂಜೆ ಗಿರ್ಮಿಟ್, ಮಿರ್ಚಿ ಸಿಕ್ಕರೆ ನಿಮ್ಮ ಪುಣ್ಯ. ವಾಪಸ್ ಬರುವಾಗ ಒಣಗಿದ ಒಂದು ಜೊತೆ ಬಟ್ಟೆ ಇಟ್ಟುಕೊಂಡಿರಿ. ಬಣ್ಣ ಮೆತ್ತಿದವರನ್ನು ಬಸ್ಸಿನ ಸೀಟಿನ ಮೇಲೆ ಕೂರಿಸೋಕೆ ಕಂಡಕ್ಟರ್ ಒಪ್ಪಬೇಕಲ್ಲ.