ಮೂರು ಕಂಪ್ಯೂಟರು, ಒಂದು ಕಪಾಟು

"ಮನೆಯಲ್ಲಿ ಮೂರು ಕಂಪ್ಯೂಟರ್ ಇವೆ ಅಲ್ವಾ? ಇ-ಪುಸ್ತಕಗಳು ಮೂರರಲ್ಲೂ ಒಂದೇ ಥರ ಇರೋ ಹಾಗೆ ಹೇಗೆ ನೋಡಿಕೊಳ್ತೀರಿ?" ಇ-ಪುಸ್ತಕಗಳನ್ನು ಜೋಡಿಸಿಡುವ ಕ್ಯಾಲಿಬರ್ ತಂತ್ರಾಂಶದ ನನ್ನ ಹುಚ್ಚು ಗೊತ್ತಿರುವವರೆಲ್ಲ ಇದನ್ನು ಕೇಳುತ್ತಾರೆ. ಉತ್ತರ: ಪುಸ್ತಕ ಸೇರಿಸುವುದು, ತಿದ್ದುವುದು ಒಂದರಲ್ಲಿ ಮಾತ್ರ. ಮಿಕ್ಕ ಎರಡು ಓದುವುದಕ್ಕೆ.

ಮೊದಲು ನಾನೂ ಕ್ಯಾಲಿಬರಿನ ಲೈಬ್ರರಿಯನ್ನು (ಪುಸ್ತಕಗಳೆಲ್ಲ ಇರುವ ಫೋಲ್ಡರು) ಸುಮ್ನೆ ಒಂದು ಕ್ಲೌಡ್ ಫೋಲ್ಡರಿಗೆ, ಅಂದರೆ ಇಂಟರ್ನೆಟ್ ಮೂಲಕ ಎಲ್ಲ ಕಂಪ್ಯೂಟರಿಗೂ ನಕಲಾಗುವ ಫೋಲ್ಡರಿಗೆ, ಹಾಕಿಟ್ಟಿದ್ದೆ. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಭಾನುವಾರ ಹಾಲ್‌ನಲ್ಲಿ ಕೂತು ಲೇಖಕರ ಹೆಸರು ಸರಿಮಾಡುತ್ತಿದ್ದೆ. ಬೇಂದ್ರೆ, ದ.ರಾ. ಬೇಂದ್ರೆ, ಡಿ.ಆರ್. ಬೇಂದ್ರೆ, ಅಂಬಿಕಾತನಯದತ್ತ, ಒಬ್ಬರೇ ಕವಿ ನಾಲ್ಕು ಕಡೆ! ಅದೇ ಹೊತ್ತಿಗೆ ಮಗಳು ರೂಮಿನಲ್ಲಿ ಅದೇ ಲೈಬ್ರರಿ ತೆರೆದು ಹೊಸ ಪುಸ್ತಕ ಸೇರಿಸುತ್ತಿದ್ದಳು. ಸಂಜೆ ನೋಡಿದರೆ ಮೆಟಾಡೇಟಾ.ಡಿಬಿ ಅನ್ನುವ ಫೈಲು ಎರಡಾಗಿತ್ತು.

ಈ ಫೈಲೇ ಲೈಬ್ರರಿಯ ರಿಜಿಸ್ಟರು. ಹೆಸರು, ಲೇಖಕರು, ಟ್ಯಾಗು ಎಲ್ಲ ಈ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನಲ್ಲಿರುತ್ತವೆ. ಸಿಂಕ್ ಮಾಡುವ, ಅಂದರೆ ಎಲ್ಲ ಕಡೆ ಒಂದೇ ಥರ ಇಡುವ ತಂತ್ರಾಂಶಕ್ಕೆ ಒಳಗೇನಿದೆ ಗೊತ್ತಿಲ್ಲ, ಇಡೀ ಫೈಲನ್ನೇ ನಕಲು ಮಾಡುತ್ತದೆ. ನನ್ನದು ಉಳಿಯಿತು, ಮಗಳದ್ದು ಪಕ್ಕಕ್ಕೆ ಹೋಯಿತು. ಅವಳ ಪುಸ್ತಕಗಳು ಕಪಾಟಿನಲ್ಲಿ ಇದ್ದವು, ರಿಜಿಸ್ಟರಿನಲ್ಲಿ ಇರಲಿಲ್ಲ. ಕ್ಯಾಲಿಬರಿನ 'ಚೆಕ್ ಲೈಬ್ರರಿ' ಅವನ್ನು ಹುಡುಕಿಕೊಟ್ಟಿತು, ಪುಣ್ಯಕ್ಕೆ.

ಈಗ ಹಾಲ್‌ನ ಡೆಸ್ಕ್‌ಟಾಪೇ ಯಜಮಾನ. ಅದರಲ್ಲಿ ಕ್ಯಾಲಿಬರಿನ ಕಂಟೆಂಟ್ ಸರ್ವರ್ ಓಡುತ್ತಿರುತ್ತದೆ. ಬೇರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಡೆಸ್ಕ್‌ಟಾಪಿನ ಐಪಿ ವಿಳಾಸ (ಮನೆಯ ನೆಟ್ವರ್ಕಿನಲ್ಲಿ ಅದರ ನಂಬರು) ಹಾಕಿ ಅದರ ಕೊನೆಗೆ :8080 ಅಂತ ಸೇರಿಸಿದರೆ ಇಡೀ ಕಪಾಟು ಕಾಣುತ್ತದೆ. ಫೋನಿನಲ್ಲೂ ಅಷ್ಟೇ. ಮನೆಯೊಳಗಿನ ಓದಿಗೆ ಇಷ್ಟು ಸಾಕು, ನಿಜ ಹೇಳಬೇಕೆಂದರೆ ಸಿಂಕ್ ಬೇಕಾಗಿಯೇ ಇಲ್ಲ.

ಊರಿಗೆ ಹೋಗುವಾಗ ಲ್ಯಾಪ್‌ಟಾಪಿನಲ್ಲೂ ಪುಸ್ತಕ ಇರಲಿ ಅನ್ನುವುದಕ್ಕೆ ಕಂಪ್ಯೂಟರುಗಳ ನಡುವೆ ನೇರವಾಗಿ ಫೋಲ್ಡರ್ ಸಿಂಕ್ ಮಾಡುವ ಸಿಂಕ್‌ಥಿಂಗ್ ಇದೆ. ಡೆಸ್ಕ್‌ಟಾಪಿನಲ್ಲಿ 'ಸೆಂಡ್ ಓನ್ಲಿ' (ಕಳಿಸುವುದು ಮಾತ್ರ), ಲ್ಯಾಪ್‌ಟಾಪುಗಳಲ್ಲಿ 'ರಿಸೀವ್ ಓನ್ಲಿ' (ಪಡೆಯುವುದು ಮಾತ್ರ). ರಾತ್ರಿ ಕ್ಯಾಲಿಬರ್ ಮುಚ್ಚಿದ ಮೇಲೆ ಸಿಂಕ್ ಆಗಲು ಬಿಡುತ್ತೇನೆ, ಅರ್ಧ ಬರೆದ ರಿಜಿಸ್ಟರು ಆ ಕಡೆ ಹೋಗಬಾರದು ನೋಡಿ. ಇದನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ. ಬ್ಯಾಕಪ್‌ಗೆ ಬೇರೆ ಹಾರ್ಡ್ ಡಿಸ್ಕ್ ಇಟ್ಟಿದ್ದೇನೆ.

ಹಾಗಾದರೆ ಮಗಳು ಪುಸ್ತಕ ಸೇರಿಸುವುದು ಹೇಗೆ? 'ಹೊಸದು' ಅಂತ ಒಂದು ಫೋಲ್ಡರ್ ಇದೆ, ಅದೊಂದು ಮಾತ್ರ ಎರಡೂ ಕಡೆಯಿಂದ ಸಿಂಕ್ ಆಗುತ್ತದೆ. ಅವಳು ಅದರಲ್ಲಿ ಹಾಕುತ್ತಾಳೆ. ಡೆಸ್ಕ್‌ಟಾಪಿನ ಕ್ಯಾಲಿಬರ್ ತಾನಾಗಿಯೇ ಲೈಬ್ರರಿಗೆ ಸೇರಿಸಿಕೊಂಡು ಅಲ್ಲಿಂದ ತೆಗೆದುಬಿಡುತ್ತದೆ. ಫೋಲ್ಡರ್ ಖಾಲಿ ಕಂಡರೆ ಪುಸ್ತಕ ಒಳಗೆ ಹೋಯಿತು ಅಂತ ಅವಳಿಗೆ ಗೊತ್ತಾಗುತ್ತದೆ.